ಶನಿಯ ನೋಟ
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಯದಲ್ಲಿ ನಾಡುನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನನಗಿಂತ ಅರ್ಹರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಆರಿಸಿಕೊಂಡದ್ದು ಶನಿಗ್ರಹವನ್ನು. "ಹಬ್ಬದ ದಿನ ಶನಿಯ ಮಾತೇಕೋ? ಅವನ ದೃಷ್ಟಿ ಬೀಳದಿದ್ದರೆ ಸಾಕು" ಎಂದು ನಮ್ಮ ತಾಯಿಯವರು ಆಕ್ಷೇಪಿಸಿದರು. ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚುವ ಮನೆತನ ನಮ್ಮದು. ಆದುದರಿಂದ ಅವರನ್ನು ತಪ್ಪೆನ್ನಲಾರೆ. ಆದರೆ ಹಿರಿಯರು ಅವನಿಗಿಟ್ಟ ಇನ್ನೊಂದು ಹೆಸರು ಶನೈಶ್ಚರ, ಎಂದರೆ ಮೆಲ್ಲನೆ ನಡೆಯುವವನು. ಸೂರ್ಯನನ್ನು ಒಂದು ಸುತ್ತು ಬರಲು ಅವನಿಗೆ ಸುಮಾರು 29½ ವರ್ಷ ಬೇಕು. ಬರಿಗಣ್ಣಿನಿಂದಲೇ ಈ ಮಂದಗತಿಯನ್ನು ಗುರುತಿಸಿದವರ ತಾಳ್ಮೆ ದೊಡ್ಡದು. ಇಂದು ನಾನು ಹೇಳಲಿರುವುದೂ ತಾಳ್ಮೆಯ ಕಥೆಯೇ.

1610ರಲ್ಲಿ ಗೆಲಿಲಿಯೋ ದೂರದರ್ಶಕದಿಂದ ನೋಡಿದಾಗ ಶನಿಯ ಎರಡು ಪಕ್ಕಗಳಲ್ಲಿ ಎರಡು ಸಣ್ಣ ಗೋಲಗಳಿರುವಂತೆ ಕಂಡಿತು. 1612ರಲ್ಲಿ ನೋಡಿದರೆ ಅವು ಮಾಯವಾಗಿದ್ದುವು! ಅವು ಗೋಲಗಳಲ್ಲ, ಗ್ರಹವನ್ನು ಎಲ್ಲಿಯೂ ಮುಟ್ಟದೆ ಸುತ್ತುವರಿದಿರುವ ತೆಳುವಾದ ಉಂಗುರವೆಂದು 1659ರಲ್ಲಿ ಹಾಲೆಂಡಿನ ಹೈಗೆನ್ಸ್ ಪ್ರಕಟಿಸಿದನು. ಕಾಗದದ ಹಾಳೆಯ ಅಂಚನ್ನು ಕಣ್ಣಿಗೆ ನೇರವಾಗಿ ಹಿಡಿದರೆ ಹಾಳೆ ಹೇಗೆ ಕಾಣದೋ ಹಾಗೆಯೇ ಉಂಗುರದ ಅಂಚು ನಮ್ಮತ್ತ ತಿರುಗಿದಾಗ ಅದು ಕಣ್ಮರೆಯಾಗುವುದು. 2025ರ ಮಾರ್ಚಿನಲ್ಲಿಯೂ ಹೀಗಾಯಿತು. ಮುಂದೆ ಪ್ಯಾರಿಸಿನ ವೇಧಶಾಲೆಯಲ್ಲಿದ್ದ ಕ್ಯಾಸಿನಿ ಎಂಬ ಪಂಡಿತನು ಶನಿಯ ನಾಲ್ಕು ಉಪಗ್ರಹಗಳನ್ನೂ ಉಂಗುರದ ನಡುವಣ ಕಪ್ಪು ತೆರಪನ್ನೂ ಕಂಡುಹಿಡಿದನು.

ಮೂರು ಶತಮಾನಗಳ ತರುವಾಯ, 1979ರಿಂದ 1981ರವರೆಗೆ, ಅಮೆರಿಕದ ಪಯೋನಿಯರ್ ಮತ್ತು ಎರಡು ವಾಯೇಜರ್ ನೌಕೆಗಳು ಶನಿಯನ್ನು ಹತ್ತಿರದಿಂದ ಚಿತ್ರಿಸಿದುವು. ಆದರೆ ಅವು ದಾರಿಹೋಕರು, ನೋಡುತ್ತಲೇ ದಾಟಿಹೋದುವು. ಅಲ್ಲಿಯೇ ನೆಲೆ ನಿಂತು ನೋಡಬೇಕೆಂದು ಅಮೆರಿಕ, ಯುರೋಪು ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆಗಳು ಕೂಡಿ ಮತ್ತೊಂದು ನೌಕೆಯನ್ನು ಕಟ್ಟಿ, ಅದಕ್ಕೆ ಕ್ಯಾಸಿನಿಯ ಹೆಸರನ್ನೇ ಇಟ್ಟರು. 1997ರ ಅಕ್ಟೋಬರ್ 15ರಂದು ಹೊರಟ ಈ ನೌಕೆ ಶುಕ್ರನ ಬಳಿ ಎರಡು ಸಲ, ಭೂಮಿಯ ಬಳಿ ಒಂದು ಸಲ, ಗುರುವಿನ ಬಳಿ ಒಂದು ಸಲ ಸುಳಿದು, ಅವುಗಳ ಆಕರ್ಷಣೆಯಿಂದ ವೇಗವನ್ನು ಪಡೆದು, 2004ರ ಜುಲೈ 1ರಂದು ಶನಿಯ ಕಕ್ಷೆಯನ್ನು ಸೇರಿತು.

ಅದರ ಕ್ಯಾಮರಾ ಹೇಗೆ ಚಿತ್ರ ತೆಗೆಯುತ್ತಿತ್ತೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಅದರಲ್ಲಿ ಫಿಲ್ಮ್ ಇರಲಿಲ್ಲ. ರಂಗೋಲಿಗೆ ಇಡುವ ಚುಕ್ಕಿಗಳಂತೆ ಸಾಲಿಗೆ 1024ರಂತೆ 1024 ಸಾಲು ಚುಕ್ಕಿಗಳು. ಪ್ರತಿಯೊಂದು ಚುಕ್ಕಿಯ ಮೇಲೂ ಎಷ್ಟು ಬೆಳಕು ಬಿದ್ದಿತೆಂಬುದೇ ಒಂದು ಅಂಕಿ. ಅಂಕಿಗಳೆಲ್ಲ ಸೇರಿದರೆ ಒಂದು ಚಿತ್ರ. ಚಿತ್ರಗಳೆಲ್ಲವೂ ಕಪ್ಪುಬಿಳುಪಿನವು. ಹಿಂದೆ ಅಚ್ಚುಕೂಟಗಳಲ್ಲಿ ಮೂರು ಬಣ್ಣದ ಬ್ಲಾಕುಗಳನ್ನು ಒಂದರ ಮೇಲೊಂದು ಒತ್ತಿ ಮುಖಚಿತ್ರವನ್ನು ಮುದ್ರಿಸುತ್ತಿದ್ದರಷ್ಟೆ? ಹಾಗೆಯೇ ಬೇರೆ ಬೇರೆ ಬಣ್ಣದ ಗಾಜುಗಳ ಮೂಲಕ ತೆಗೆದ ಮೂರು ಚಿತ್ರಗಳನ್ನು ಇಲ್ಲಿ ಕೂಡಿಸಿ ಬಣ್ಣವನ್ನು ಪಡೆಯುತ್ತಿದ್ದರು. ಕ್ಯಾಮರಾ ನೌಕೆಯ ಮೈಗೇ ಬಿಗಿದಿದ್ದುದರಿಂದ ಚಿತ್ರ ತೆಗೆಯಲು ಇಡೀ ನೌಕೆಯೇ ತಿರುಗಬೇಕು. ಬಳಿಕ ನಾಲ್ಕು ಮೀಟರ್ ಅಗಲದ ಆಂಟೆನಾವನ್ನು ಭೂಮಿಯತ್ತ ತಿರುಗಿಸಿ ಅಂಕಿಗಳನ್ನು ಕಳುಹಿಸಬೇಕು. ಬೆಳಕಿನ ವೇಗದಲ್ಲಿ ಬಂದರೂ ಅವು ನಮ್ಮನ್ನು ಮುಟ್ಟಲು ಒಂದು ಗಂಟೆಗೂ ಮೀರಿ ಹಿಡಿಯುತ್ತಿತ್ತು.

ದಾರಿಯಲ್ಲಿಯೇ ಒಂದು ವಿಘ್ನ ಒದಗಿತು. 2001ರಲ್ಲಿ, ನೌಕೆ ಗುರುವನ್ನು ದಾಟಿದ ಮೇಲೆ, ದೂರದ ವಸ್ತುಗಳನ್ನು ನೋಡುವ ಕ್ಯಾಮರಾಕ್ಕೆ ಮಬ್ಬು ಕವಿಯಿತು. ನಕ್ಷತ್ರವನ್ನು ಚಿತ್ರಿಸಿದರೆ ಚುಕ್ಕಿಯ ಬದಲು ಹರಡಿದ ಬೆಳಕು ಕಾಣುತ್ತಿತ್ತು. ಕೋಟ್ಯಂತರ ಮೈಲಿ ದೂರದಲ್ಲಿರುವ ಗಾಜನ್ನು ಒರೆಸುವವರಾರು? ಶೂನ್ಯಕ್ಕಿಂತ 90 ಡಿಗ್ರಿ ಕೆಳಗಿನ ಚಳಿಯಲ್ಲಿರುತ್ತಿದ್ದ ಕ್ಯಾಮರಾವನ್ನು ತಜ್ಞರು ಇಲ್ಲಿಂದಲೇ ಆಜ್ಞೆ ಕೊಟ್ಟು ಹಲವು ದಿನಗಳ ಕಾಲ ಮೆಲ್ಲನೆ ಬೆಚ್ಚಗೆ ಮಾಡಿದರು. ಮತ್ತೆ ನಕ್ಷತ್ರವನ್ನು ನೋಡಿದರು. ಮತ್ತೆ ಬೆಚ್ಚಗೆ ಮಾಡಿದರು. 2002ರ ಜುಲೈಯಲ್ಲಿ ನಮ್ಮ ಪಂಚಾಂಗದ ಚಿತ್ತಾ ನಕ್ಷತ್ರ ಸ್ವಚ್ಛವಾದ ಚುಕ್ಕಿಯಾಗಿ ಕಂಡಾಗ ಅವರಿಗೆ ಆದ ಸಮಾಧಾನವನ್ನು ನಾವು ಊಹಿಸಿಕೊಳ್ಳಬಹುದು.

ಇನ್ನು ಹಿಮದ ಉಪಗ್ರಹಗಳ ಮಾತು. ಅವುಗಳಲ್ಲಿ ಎನ್ಸೆಲಡಸ್ ಎಂಬುದೊಂದು. ವ್ಯಾಸ ಸುಮಾರು 500 ಕಿಲೋಮೀಟರ್ ಮಾತ್ರ. ಇಷ್ಟು ಚಿಕ್ಕ ಗೋಲ ಎಂದೋ ತಣ್ಣಗಾಗಿ ಹೆಪ್ಪುಗಟ್ಟಿರಬೇಕೆಂಬುದು ಸಾಮಾನ್ಯ ತರ್ಕ. ಆದರೆ 2005ರ ಆರಂಭದಲ್ಲಿ ತೆಗೆದ ಚಿತ್ರಗಳಲ್ಲಿ ಅದರ ದಕ್ಷಿಣದ ಅಂಚಿನಲ್ಲಿ ಏನೋ ಮಸುಕಾದ ಬೆಳಕಿತ್ತು. ನಿಜವಾದ ವಸ್ತುವೋ, ಕ್ಯಾಮರಾದ ದೋಷವೋ? ಕ್ಯಾರೊಲಿನ್ ಪೋರ್ಕೋ ಎಂಬಾಕೆಯ ನೇತೃತ್ವದ ಚಿತ್ರತಂಡ ಅವಸರದಿಂದ ಏನನ್ನೂ ಸಾರಲಿಲ್ಲ. ಅಷ್ಟರಲ್ಲಿ ಅದೇ ನೌಕೆಯ ಕಾಂತಮಾಪಕ ಶನಿಯ ಕಾಂತಕ್ಷೇತ್ರ ಆ ಉಪಗ್ರಹದ ಬಳಿ ಬಾಗಿರುವುದನ್ನು ತೋರಿಸಿತು. ಜುಲೈಯಲ್ಲಿ ನೌಕೆಯನ್ನು ಇನ್ನೂ ಹತ್ತಿರಕ್ಕೆ ಒಯ್ದು ನೋಡಲಾಗಿ, ದಕ್ಷಿಣ ಧ್ರುವದಲ್ಲಿ ಹುಲಿಯ ಪಟ್ಟೆಗಳಂಥ ನಾಲ್ಕು ದೊಡ್ಡ ಬಿರುಕುಗಳಿದ್ದುವು. ಆ ಬಿರುಕುಗಳು ಸುತ್ತಣ ಹಿಮಕ್ಕಿಂತ ಎಷ್ಟೋ ಬೆಚ್ಚಗಿದ್ದುವು.

ಕೊನೆಯ ಸಾಕ್ಷ್ಯ ಬಂದದ್ದು ನವೆಂಬರಿನಲ್ಲಿ. ಸೂರ್ಯನಿಗೆ ಬೆನ್ನು ಮಾಡಿ ಚಿತ್ರ ತೆಗೆಯಬೇಕೆಂದು ನಮಗೆಲ್ಲ ಹೇಳಿಕೊಡುತ್ತಾರೆ. ಇಲ್ಲಿ ಅದಕ್ಕೆ ವಿರುದ್ಧವಾಗಿ ಮಾಡಬೇಕಾಯಿತು. ಹಂಚಿನ ಮನೆಗಳಲ್ಲಿ ಬೆಳೆದವರಿಗೆ ಕಾರಣ ಸುಲಭವಾಗಿ ಹೊಳೆಯುತ್ತದೆ. ಬೆಳಗ್ಗೆ ಅಡಿಗೆಮನೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ, ಬೆಳಕಿಗೆ ಎದುರಾಗಿ ನಿಂತು ನೋಡಿದರೆ ಒಲೆಯ ಹೊಗೆಯೂ ಧೂಳಿನ ಕಣವೂ ಥಳಥಳಿಸುತ್ತವೆ. ಬೆಳಕಿಗೆ ಬೆನ್ನು ಮಾಡಿದರೆ ಅಷ್ಟಾಗಿ ಕಾಣವು. ಹಾಗೆಯೇ ಎನ್ಸೆಲಡಸ್ಸಿನ ಆಚೆಗೆ ಸೂರ್ಯನಿರುವಾಗ ಚಿತ್ರಿಸಲಾಗಿ, ಕಪ್ಪಗಿನ ಗೋಲದ ಅಂಚಿನಿಂದ ಹಿಮದ ಚಿಲುಮೆಗಳು ಆಕಾಶಕ್ಕೆ ಚಿಮ್ಮುತ್ತಿರುವುದು ಸ್ಪಷ್ಟವಾಯಿತು. ಮುಂದೆ ಇಂಥ ನೂರಕ್ಕೂ ಹೆಚ್ಚು ಚಿಲುಮೆಗಳನ್ನು ಎಣಿಸಿದರು. ಶನಿಯ ಹೊರಗಣ ಉಂಗುರವೊಂದು ಈ ಹಿಮಕಣಗಳಿಂದಲೇ ಆದದ್ದು. ಏಳು ವರ್ಷಗಳಿಗೂ ಮಿಕ್ಕ ಕಾಲದ ಚಿತ್ರಗಳಲ್ಲಿ ಆ ಗೋಲದ ಕುಳಿಗಳನ್ನು ಒಂದೊಂದಾಗಿ ಅಳೆದು, ಅದು ತಿರುಗುವಾಗ ತುಸು ತೊನೆಯುವುದನ್ನು ಕಂಡು, ಹಿಮದ ಚಿಪ್ಪಿನ ಕೆಳಗೆ ಸುತ್ತಲೂ ನೀರಿನ ಕಡಲಿದೆಯೆಂದು 2015ರಲ್ಲಿ ನಿರ್ಧರಿಸಿದರು. ಆ ನೀರು ಉಪ್ಪುನೀರು. ಚಿಮ್ಮಿದ ಆವಿಯಲ್ಲಿ ಜಲಜನಕವೂ ಇರುವುದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಜೀವವಿದೆಯೆಂದು ಯಾರೂ ಹೇಳಿಲ್ಲ. ಜೀವಕ್ಕೆ ಬೇಕಾದ ನೀರು, ಶಾಖ, ಆಹಾರ ಇವುಗಳು ಅಲ್ಲಿವೆಯೆಂದಷ್ಟೆ ಹೇಳಿದ್ದಾರೆ.

ಈ ಶೋಧವೇ ನೌಕೆಯ ಅಂತ್ಯವನ್ನೂ ಗೊತ್ತುಮಾಡಿತು. ಇಂಧನ ಮುಗಿಯುತ್ತ ಬಂದಿತ್ತು. ಹಾಗೆಯೇ ಬಿಟ್ಟರೆ ಹಿಡಿತ ತಪ್ಪಿದ ನೌಕೆ ಎಂದಾದರೊಂದು ದಿನ ಎನ್ಸೆಲಡಸ್ಸಿನ ಮೇಲೋ ಟೈಟನ್ ಎಂಬ ದೊಡ್ಡ ಉಪಗ್ರಹದ ಮೇಲೋ ಬಿದ್ದೀತು. ಭೂಮಿಯಿಂದ ಅಂಟಿಬಂದ ಸೂಕ್ಷ್ಮಜೀವಿಗಳು ಅದರಲ್ಲಿ ಉಳಿದಿದ್ದರೆ ಆ ನೀರು ಮೈಲಿಗೆಯಾದೀತು. ನಮ್ಮಲ್ಲಿ ಕುಡಿಯುವ ನೀರಿನ ಬಾವಿಗೆ ಇಳಿಯುವವರು ಕಾಲು ತೊಳೆದು ಇಳಿಯುತ್ತಾರೆ. ಇವರಿಗೆ ತೊಳೆಯುವ ಉಪಾಯವಿರಲಿಲ್ಲ. ಆದುದರಿಂದ ನೌಕೆಯನ್ನೇ ಬಲಿಗೊಟ್ಟರು. 4,53,000ಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದ ಆ ನೌಕೆಯನ್ನು 2017ರ ಸೆಪ್ಟೆಂಬರ್ 15ರಂದು ಶನಿಯ ವಾಯುಮಂಡಲದೊಳಕ್ಕೆ ಇಳಿಸಿ ಉರಿದುಹೋಗುವಂತೆ ಮಾಡಿದರು. ಕಂಡವನೇ ಕಾಯಬೇಕೆಂಬ ಈ ವಿವೇಕ, ಕೆರೆಕಟ್ಟೆಗಳನ್ನು ಹಾಳುಗೆಡವುತ್ತಿರುವ ನಮಗೆ ಒಂದು ಪಾಠವಾಗಬೇಕು.

ಮುಗಿಸುವ ಮುನ್ನ ಇನ್ನೊಂದು ಚಿತ್ರದ ಮಾತು. 2013ರ ಜುಲೈ 19ರಂದು ಶನಿಯ ನೆರಳಿನಲ್ಲಿ ನಿಂತು ನೌಕೆ ಮತ್ತೆ ಸೂರ್ಯನ ದಿಕ್ಕಿಗೆ ಕ್ಯಾಮರಾವನ್ನು ತಿರುಗಿಸಿತು. ಅಂದು ತೆಗೆದ 141 ಚಿತ್ರಗಳನ್ನು ಜೋಡಿಸಿದ ದೊಡ್ಡ ಪಟದಲ್ಲಿ ಉಂಗುರಗಳ ಕೆಳಗೆ ಒಂದು ನಸುನೀಲಿ ಚುಕ್ಕಿಯಿದೆ. 144 ಕೋಟಿ ಕಿಲೋಮೀಟರ್ ದೂರದಿಂದ ಕಂಡ ನಮ್ಮ ಭೂಮಿ ಅದು! ಈ ಪಟವನ್ನು ತಾಯಿಯವರಿಗೆ ತೋರಿಸಿದೆ. ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಅವನ ದೃಷ್ಟಿಗೆ ನಾವು ಇಷ್ಟೇ ಏನೋ? ಇಷ್ಟಕ್ಕೆ ಅವನೇಕೆ ಮುನಿದಾನು!" ಎಂದರು. ಅಂದಿನಿಂದ ಈ ಉಪನ್ಯಾಸಕ್ಕೆ ಮನೆಯಲ್ಲಿ ಆಕ್ಷೇಪಣೆಯಿಲ್ಲ.

ದೀಪಗಳ ಝಗಝಗದ ನಡುವೆಯೂ ಈ ಮಹಾನಗರದ ಮಾಳಿಗೆಯಿಂದ ಶನಿ ಕಾಣುತ್ತಾನೆ. ಮಕ್ಕಳನ್ನು ಕರೆದೊಯ್ದು ತೋರಿಸಿರಿ; ಇದನ್ನೆಲ್ಲ ಅವರಿಗೆ ಕನ್ನಡದಲ್ಲಿಯೇ ಹೇಳಿರಿ.