ಮೇ ತಿಂಗಳ ಬಳ್ಳಿ
(ಮಹಿಳಾ ವೇದಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಬದುಕಿನ ಋತುಗಳು’ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಹುಟ್ಟಿದ್ದು ಗದಗ-ಬೆಟಗೇರಿಯ ಕ್ರೈಸ್ತ ಮನೆಯಲ್ಲಿ. ನಮ್ಮ ಧರ್ಮದಲ್ಲೂ ವರ್ಷಕ್ಕೆ ಋತುಗಳಿವೆ. ಕ್ರಿಸ್‌ಮಸ್‌ಗೆ ಮುಂಚೆ ಕಾಯುವ ಕಾಲ, ಈಸ್ಟರ್‌ಗೆ ಮುಂಚೆ 40 ದಿನಗಳ ಲೆಂಟ್ ಕಾಲ, ಆಮೇಲೆ ಪುನರುತ್ಥಾನದ ಹಬ್ಬ. ಆದರೆ ಮನಸ್ಸಿನ ಋತು ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ನಾವು ನಾಸಿಕದಲ್ಲಿದ್ದಾಗ ಊರಿನಲ್ಲಿ ಅವ್ವ ತೀರಿಕೊಂಡಳು. ಪ್ರಾರ್ಥನೆ ಅಂದರೆ ನನಗೆ ಅವ್ವನ ಕನ್ನಡ. ಅವಳು ಹೋದ ಮೇಲೆ ಬಾಯಿಗೆ ಮಾತೇ ಬರಲಿಲ್ಲ. ಭಾನುವಾರ ಮರಾಠಿ ಆರಾಧನೆಗೆ ಹೋಗಿ ಕೂರುತ್ತಿದ್ದೆ, ಎದ್ದು ಬರುತ್ತಿದ್ದೆ. ಆ ವರ್ಷದ ಈಸ್ಟರ್ ಬಂದು ಹೋಯಿತು. ನನ್ನ ನಂಬಿಕೆ ಇನ್ನು ಮರಳುವುದೇ ಇಲ್ಲವೇನೋ ಎಂಬ ಭಯ ಹಿಡಿಯಿತು.

ನಾಸಿಕ ದ್ರಾಕ್ಷಿಯ ಊರು. ಅಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಮರಾಠಿಯಲ್ಲಿ ಛಾಟಣಿ, ನಮ್ಮ ವಿಜಯಪುರದ ಕಡೆ ಚಾಟ್ನಿ. ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ ಒಂದು ಸಲ. ಅಕ್ಟೋಬರ್ ಹೊತ್ತಿಗೆ ಇನ್ನೊಂದು ಸಲ. ಹಣ್ಣು ಬರುವುದು ಎರಡನೆಯದರ ನಂತರ. ಏಪ್ರಿಲ್ ಚಾಟ್ನಿಯಾದ ತೋಟ ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಬರೀ ಬೋಳು ಕಟ್ಟಿಗೆ. ಆಮೇಲೆ ಚಿಗುರು ಬಂದರೂ ಅದು ಹಣ್ಣಿನ ಬೆಳೆಯಲ್ಲ. ಆದರೆ ಮುಂದಿನ ಗೊಂಚಲು ನಿರ್ಧಾರವಾಗುವುದು ಆ ಬೇಸಿಗೆಯಲ್ಲೇ. ಚಾಟ್ನಿಯಾದ ಒಂದೂವರೆ, ಎರಡು ತಿಂಗಳಲ್ಲಿ, ಹೊಸ ಕಡ್ಡಿಯ ಮೊಗ್ಗಿನೊಳಗೆ ಹೂವಿನ ಗುರುತು ಮೂಡುತ್ತದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ದ್ರಾಕ್ಷಿಬಳ್ಳಿಗೆ, ತಂದೆಯನ್ನು ತೋಟಗಾರನಿಗೆ ಹೋಲಿಸುತ್ತಾನೆ. ಫಲ ಕೊಡುವ ಕೊಂಬೆಗೂ ಕತ್ತರಿ ಬೀಳುತ್ತದೆ ಎನ್ನುತ್ತಾನೆ. ಇದನ್ನು ಹಿಡಿದು ಕೆಲವರು, “ನಿನಗೆ ಪಾಠ ಕಲಿಸಲು ದೇವರು ಅವ್ವನನ್ನು ಕರೆದುಕೊಂಡ” ಎಂದರು. ಅದನ್ನು ನಾನು ಒಪ್ಪುವುದಿಲ್ಲ. ನನ್ನನ್ನು ಚಿಗುರಿಸಲು ಇನ್ನೊಬ್ಬರ ಜೀವ ತೆಗೆಯುವ ತೋಟಗಾರನನ್ನು ನನಗೆ ಅವ್ವ ಪರಿಚಯಿಸಿರಲಿಲ್ಲ. ನಾನು ಬಳ್ಳಿಯಿಂದ ಕಲಿತದ್ದು ಇಷ್ಟೇ: ಮೇ ತಿಂಗಳ ಬಳ್ಳಿಯನ್ನು ನೋಡಿ ತೋಟ ಸತ್ತಿತು ಎನ್ನಬಾರದು.

ನಾಸಿಕದ ಹತ್ತಿರದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕರನ್ನು ನೆನೆಯುತ್ತೇನೆ. ಹನ್ನೊಂದರ ವಯಸ್ಸಿಗೆ ಮದುವೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕವಿಯಾಗಿದ್ದ ಗಂಡ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದರು. ಆಕೆಗೆ ಆಕಾಶವೇ ಕಳಚಿ ಬಿತ್ತು. ವರ್ಷಗಟ್ಟಲೆ ಗಂಡನಿಂದ ದೂರ ಉಳಿದರು. ಮರಳಿ ಬಂದ ಮೇಲೂ ಅಡುಗೆ, ನೀರು ಬೇರೆಯೇ. ಮಡಿ-ಮೈಲಿಗೆ ಮನುಷ್ಯರು ಮಾಡಿಕೊಂಡದ್ದು ಎಂದು ತಾವೇ ಯೋಚಿಸಿ ಮನಗಂಡ ಮೇಲಷ್ಟೇ, 1900ರಲ್ಲಿ ದೀಕ್ಷಾಸ್ನಾನ ಪಡೆದರು. 1919ರಲ್ಲಿ ಗಂಡ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ‘ಖ್ರಿಸ್ತಾಯನ’ ಕಾವ್ಯವನ್ನು ಈಕೆ ಮುಗಿಸಿದರು. ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದಾದ ‘ಸ್ಮೃತಿಚಿತ್ರೆ’ಯ ಮೊದಲ ಭಾಗ 1934ರಲ್ಲಿ ಹೊರಬಂತು, ಆಗ ಅವರಿಗೆ 66. ಗಂಡನಿಂದ ದೂರವಿದ್ದ ಆ ದಿನಗಳಲ್ಲಿ ಅವರನ್ನು ಕಂಡವರು ಈಕೆ ಮುಂದೆ ಲೇಖಕಿಯಾಗುತ್ತಾರೆ ಎಂದುಕೊಂಡಿದ್ದರೇ?

ಆಮೇಲೆ ನಮ್ಮವರ ಕೆಲಸಕ್ಕಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದೆವು. ಅದು ಮರಾಠವಾಡ, ನೀರಿನ ಬೆಲೆ ಗೊತ್ತಿರುವ ನೆಲ. ಆ ಕಡೆ ಮೋಸಂಬಿ ತೋಟಗಳು ಹೆಚ್ಚು. ಗಿಡ ಹೂ ಬಿಡಲೆಂದು ರೈತರು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸುತ್ತಾರೆ. ಆದರೆ ದಿನವೂ ಎಲೆ ನೋಡುತ್ತಾರೆ. ಎಲೆ ಹಳದಿಯಾಗಿ ಉದುರತೊಡಗಿದರೆ ಗೊಬ್ಬರ ಹಾಕಿ, ಮೊದಲು ಹಗುರವಾಗಿ ನೀರು ಕೊಡುತ್ತಾರೆ. ಮಿತಿ ಮೀರಿದರೆ ಗಿಡವೇ ಒಣಗುತ್ತದೆ.

ನನಗೂ ಹಾಗೆ ನೀರು ಕೊಟ್ಟವರಿದ್ದರು. ಚರ್ಚಿನ ಮರಾಠಿ ಹೆಂಗಸರು ಭಾಕರಿ, ಪಿಟ್ಲ ಕಟ್ಟಿಕೊಂಡು ಬಂದು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದರು. ಬೋಧನೆ ಮಾಡಲಿಲ್ಲ. ನನಗೆ ಬಾರದ ಪ್ರಾರ್ಥನೆಯನ್ನು ಅವರೇ ತಮ್ಮ ಭಾಷೆಯಲ್ಲಿ ಮಾಡಿದರು. ಒಂದೂವರೆ ವರ್ಷದ ಮೇಲೆ ಒಂದು ರಾತ್ರಿ, ಮಗಳನ್ನು ಮಲಗಿಸುವಾಗ, ನನಗೇ ತಿಳಿಯದಂತೆ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಹಳೆಯ ನಂಬಿಕೆ ಇದ್ದಂತೆಯೇ ಮರಳಲಿಲ್ಲ; ಮೊದಲಿನಷ್ಟು ಮಾತಿಲ್ಲ, ಬೇರು ಆಳಕ್ಕಿಳಿದಿದೆ.

ಗೆಳತಿಯರೇ, ನಿಮ್ಮ ದೇವರ ಹೆಸರು ಯಾವುದೇ ಇರಲಿ, ನಿಮ್ಮ ಸುತ್ತ ಈಗ ಬೋಳಾಗಿ ನಿಂತವರು ಯಾರೋ ಇದ್ದೇ ಇರುತ್ತಾರೆ. “ಇನ್ನೂ ಅಳುತ್ತೀಯಾ?” ಎಂದು ಕೇಳಬೇಡಿ. ಊಟದ ಡಬ್ಬಿ ಒಯ್ಯಿರಿ, ಅರ್ಧ ಗಂಟೆ ಕೂತು ಬನ್ನಿ. ನಿದ್ದೆ, ಊಟ ಬಿಟ್ಟಿದ್ದರೆ ಡಾಕ್ಟರ ಬಳಿ ಜೊತೆಯಲ್ಲಿ ಹೋಗಿ. ಅಂಥ ಬೇಸಿಗೆಯಲ್ಲಿ ನೀವೇ ಇದ್ದರೆ, ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯಿರಿ. ಅಷ್ಟು ಸಾಕು.