ಬರೆಸುವುದು ಯಾರ ಕೆಲಸ?

ಅಮೆರಿಕದ ಅಯೋವಾ ರಾಜ್ಯದ ಪೆಲ್ಲಾ ಎಂಬ ಪುಟ್ಟ ಊರಿನಲ್ಲಿ ಸೆಂಟ್ರಲ್ ಕಾಲೇಜು ಇದೆ. 1969ರ ಸುಮಾರಿಗೆ ಅಲ್ಲಿ ಪಾಠ ಮಾಡುತ್ತಿದ್ದ ಬಾರ್ಬರಾ ವಾಲ್ವೂರ್ಡ್ ಅವರ, ಇಂಗ್ಲಿಷ್ ಕವಿ ಚಾಸರ್ ಕುರಿತ ತರಗತಿಗೆ ಸಾಕಷ್ಟು ವಿದ್ಯಾರ್ಥಿಗಳು ಸೇರಲಿಲ್ಲ. ಅದರ ಬದಲು ಅವರು ಬೇರೆ ಬೇರೆ ವಿಭಾಗದ ಅಧ್ಯಾಪಕರನ್ನೇ ಕೂರಿಸಿಕೊಂಡು ವಿದ್ಯಾರ್ಥಿಗಳ ಬರವಣಿಗೆಯ ಬಗ್ಗೆ ಚರ್ಚೆ ಶುರುಮಾಡಿದರು. ಎಲ್ಲ ವಿಷಯಗಳಲ್ಲೂ ಬರೆಸಿ ಕಲಿಸುವ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ನಮ್ಮ ಸಣ್ಣ ಕಾಲೇಜುಗಳಲ್ಲೂ ಇಂಥ ಚರ್ಚೆಗೆ ಸುತ್ತೋಲೆ ಬೇಕಿಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಿಗುತ್ತಾರೆ. ಆದರೆ ಇರುವ ನಾಲ್ಕು ಜನರ ತಲೆಯ ಮೇಲೇ ಎಲ್ಲ ಹೊರೆ. "ಕಾಗುಣಿತ ತಿದ್ದುವುದು ಭಾಷಾ ಮೇಷ್ಟ್ರ ಕೆಲಸ, ನನಗೆ ಸಿಲಬಸ್ ಮುಗಿಯಬೇಕು" ಎನ್ನುವವರನ್ನು ಪೂರ್ತಿ ತಪ್ಪೆನ್ನಲಾಗದು. ಆದರೆ ತಿದ್ದುವುದಲ್ಲ, ಬರೆಸುವುದು ಮುಖ್ಯ. ಪಾಠದ ಕೊನೆಗೆ ಐದೇ ನಿಮಿಷ ವಿದ್ಯಾರ್ಥಿಗಳು, "ಇವತ್ತು ನನಗೆ ಅರ್ಥವಾಗದೆ ಉಳಿದದ್ದೇನು?" ಎಂದು ಬರೆಯಲಿ. ಅಂಕವೂ ಬೇಡ, ಕೆಂಪು ಶಾಯಿಯೂ ಬೇಡ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಲಾಗದ ಬರವಣಿಗೆ ಅದು! ರಸಾಯನಶಾಸ್ತ್ರದ, ವಾಣಿಜ್ಯದ ಮೇಷ್ಟ್ರುಗಳೇ, ಮೇಡಮ್‌ಗಳೇ, ಈ ವಾರ ಒಮ್ಮೆ ಬರೆಸಿ ನೋಡಿ.