ಬೀಳುವ ವಸ್ತುವಿನ ಆದಿವೇಗ



ಜೋಗಕ್ಕೆ ಹೋಗದವರು ಈ ವಾಚನಾಲಯದಲ್ಲಿ ಇರಬಹುದು. ಅದನ್ನು ಚಿತ್ರದಲ್ಲಿಯೂ ಕಾಣದವರು ಇರಲಾರರು. ಸುಮಾರು 253 ಮೀಟರು ಎತ್ತರದಿಂದ ಶರಾವತಿ ರಾಜ, ರೋರರ್, ರಾಕೆಟ್, ರಾಣಿ ಎಂದು ನಾಲ್ಕು ಕವಲಾಗಿ ಧುಮುಕುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮಳೆಗಾಲ ಬಿಟ್ಟರೆ ನೀರು ಕಡಿಮೆ, ಅದು ಬೇರೆ ಮಾತು. ಆ ನೀರು ಬಂಡೆಯಂಚಿನಿಂದ ನೆಟ್ಟಗೆ ಇಳಿಯುವುದಿಲ್ಲ. ಹರಿದು ಬಂದ ರಭಸವನ್ನು ಹೊತ್ತುಕೊಂಡೇ ಮುಂದಕ್ಕೆ ಚಿಮ್ಮಿ, ಬಾಗಿ ಬೀಳುತ್ತದೆ. ಬೀಳತೊಡಗುವಾಗ ಇರುವ ಈ ವೇಗವೇ ಆದಿವೇಗ.

ಅಡ್ಡಲಾಗಿ ಚಿಮ್ಮಿದ್ದು ನಿಧಾನವಾಗಿ ಬೀಳುವುದೇ? ಈಗ ತಾನೇ ಈ ಮೇಜಿನ ಅಂಚಿನಿಂದ ಎರಡು ನಾಣ್ಯಗಳನ್ನು ಒಟ್ಟಿಗೆ ಬಿಟ್ಟೆವು. ಒಂದನ್ನು ಸುಮ್ಮನೆ ಕೆಡವಿ, ಇನ್ನೊಂದನ್ನು ಬೆರಳಿನಿಂದ ಅಡ್ಡಕ್ಕೆ ಚಿಮ್ಮಿದೆವು. ಕೇಳಿದ್ದು ಒಂದೇ ಸದ್ದು. 1638ರಲ್ಲಿ ಅಚ್ಚಾದ ಗ್ರಂಥದಲ್ಲಿ ಗೆಲಿಲಿಯೊ ತೋರಿಸಿದ್ದೂ ಇದನ್ನೇ.

ಇನ್ನು ನಮ್ಮ ಕಳಮಶ್ಶೇರಿಗೆ ಬರೋಣ. ನಮ್ಮಲ್ಲಿ ಹಲವರಿಗೆ ಹಗಲೆಲ್ಲ ಸಾರುವೆಯ ಮೇಲೆ ಕೆಲಸ. 20 ಮೀಟರು ಎತ್ತರದಿಂದ ಇಟ್ಟಿಗೆಯೊಂದು ಜಾರಿತೆನ್ನಿ. ಗಾಳಿಯ ತಡೆ ಬಿಟ್ಟು, ಸೆಕೆಂಡಿಗೆ 10 ಮೀಟರಿನಂತೆ ವೇಗ ಏರುತ್ತದೆಂದು ಹಿಡಿದರೆ (ಸರಿಯಾದ ಲೆಕ್ಕ 9.8), ಎರಡು ಸೆಕೆಂಡಿನಲ್ಲಿ ಅದು ನೆಲದಲ್ಲಿರುತ್ತದೆ. ಆಗ ಅದರ ವೇಗ ಗಂಟೆಗೆ 72 ಕಿಲೋಮೀಟರು, ಹೆದ್ದಾರಿಯ ಬಸ್ಸಿನದು. ಅದೇ ಇಟ್ಟಿಗೆಗೆ ಕಾಲು ತಗುಲಿ ಸೆಕೆಂಡಿಗೆ 3 ಮೀಟರಿನ ಅಡ್ಡವೇಗ ಬಂದರೆ? ಕಾಲ ಅದೇ ಎರಡು ಸೆಕೆಂಡು. ಬೀಳುವುದು ಮಾತ್ರ ಗೋಡೆಯಿಂದ 6 ಮೀಟರು ಆಚೆ. ಗೋಡೆಯ ಬುಡದಿಂದ ನಾಲ್ಕು ಹೆಜ್ಜೆ ಬಿಟ್ಟು ಹಗ್ಗ ಕಟ್ಟಿದರೆ ಸಾಲದು.

ಮುರುಕನ್ನು ಕೆಳಕ್ಕೆ ಎಸೆಯುವ ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಸೆಕೆಂಡಿಗೆ 5 ಮೀಟರು ವೇಗದಲ್ಲಿ ಕೆಳಕ್ಕೆ ಎಸೆದದ್ದು 1.56 ಸೆಕೆಂಡಿನಲ್ಲಿಯೇ ನೆಲ ಮುಟ್ಟುತ್ತದೆ. ಅಷ್ಟೇ ವೇಗದಲ್ಲಿ ಮೇಲಕ್ಕೆ ಎಸೆದರೆ 2.56 ಸೆಕೆಂಡು. ವಿಚಿತ್ರವೆಂದರೆ ನೆಲಕ್ಕೆ ಅಪ್ಪಳಿಸುವಾಗ ಎರಡರ ವೇಗವೂ ಒಂದೇ, ಸೆಕೆಂಡಿಗೆ 20.6 ಮೀಟರು, ಮೇಲಕ್ಕೆ ಹೋದದ್ದು ಮರಳಿ ಕೈಯ ಮಟ್ಟಕ್ಕೆ ಬರುವಾಗ ಅದೇ 5 ಮೀಟರಿನ ವೇಗವನ್ನು ಕೆಳಮುಖವಾಗಿ ಪಡೆದಿರುತ್ತದೆ. ಪೆಟ್ಟು ಅಷ್ಟೇ. ವ್ಯತ್ಯಾಸವಿರುವುದು ಒಂದು ಸೆಕೆಂಡಿನಲ್ಲಿ.

ಆ ಸೆಕೆಂಡಿನೊಳಗೆ ಮೇಲಿನವನು ಕೂಗಬೇಕು, ಕೆಳಗಿನವನು ಕೇಳಿ ಸರಿಯಬೇಕು. ನಾವು ಕನ್ನಡದಲ್ಲಿ ಕೂಗುತ್ತೇವೆ. ಕೆಳಗಿರುವವನು ಬಂಗಾಳಿಯೋ ಅಸ್ಸಾಮಿಯೋ ಆಗಿರುತ್ತಾನೆ! ಕೂಗಿ ಎಸೆಯುವುದಕ್ಕಿಂತ ಮುರುಕನ್ನು ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಸಲು ಮೇಸ್ತ್ರಿಯವರನ್ನು ಒಪ್ಪಿಸಿರಿ. ಹೊತ್ತು ಹಿಡಿಯುತ್ತದೆಂದು ಅವರು ಗೊಣಗಿದರೆ ಈ ಲೆಕ್ಕವನ್ನು ತೋರಿಸಿರಿ. ಹಲಗೆಯ ಮೇಲೆ ಬರೆದಿಟ್ಟಿದ್ದೇವೆ, ಬೇಕಾದವರು ಬರೆದುಕೊಳ್ಳಬಹುದು.